ಸದ್ದು ಹಿಂದಿನ ಸೀಟಿನಡಿ, ತೊಂದರೆ ಬೇರೆ ಕಡೆ

ನನ್ನದು 1998ರ ಮಾರುತಿ ಜಿಪ್ಸಿ ಕಿಂಗ್, ಬೇಕಾದಾಗ ನಾಲ್ಕೂ ಗಾಲಿಗೆ ಎಳೆತ ಕೊಡುವ ಜೀಪಿನಂಥ ಗಾಡಿ. ಚಿಕ್ಕಮಗಳೂರಿನಿಂದ ಆಲ್ದೂರು ಕಡೆಯ ತೋಟಕ್ಕೆ ಹೋಗಿಬರಲು ಇದೇ ಗಾಡಿ, ಗೊಬ್ಬರದ ಚೀಲ ಹೊರುವುದೂ ಇದೇ, ಮಳೆಗಾಲದಲ್ಲಿ ಹಳ್ಳ ದಾಟುವುದೂ ಇದೇ. ಹೋದ ವರ್ಷ ಮಳೆ ಬಿಟ್ಟ ಮೇಲೆ ಇದರ ಅಡಿಯಿಂದ ಸದ್ದು ಶುರುವಾಯಿತು. ವೇಗ 45 ದಾಟಿದರೆ ಗುಂಯ್ ಅನ್ನುವ ಮೊರೆತ. ತೋಟದ ದಾರಿಯಲ್ಲಿ ನಿಧಾನ ಹೋಗುವಾಗ ಚಿರ್ ಚಿರ್. ಕ್ಲಚ್ ಬಿಟ್ಟು ಹೊರಡುವಾಗ ಒಂದು ಟಕ್. ಯಾರು ಕೂತರೂ ಹಿಂದಿನ ಸೀಟಿನ ಅಡಿಯಿಂದಲೇ ಬರ್ತಿದೆ ಅನ್ನುತ್ತಿದ್ದರು, ನನಗೂ ಹಾಗೇ ಕೇಳಿಸುತ್ತಿತ್ತು.

ಒಂದು ಗ್ಯಾರೇಜಿನಲ್ಲಿ ಹಿಂದಿನ ವೀಲ್ ಬೇರಿಂಗ್ ಎರಡನ್ನೂ ಬದಲಾಯಿಸಿದರು. ಸದ್ದು ಹೋಗಲಿಲ್ಲ. ಹಾಗಾದರೆ ಕ್ರೌನ್ ಪಿನಿಯನ್ ಹೋಗಿದೆ, ಡಿಫರೆನ್ಷಿಯಲ್ ಇಳಿಸಬೇಕು ಅಂದರು. ಡಿಫರೆನ್ಷಿಯಲ್ ಅಂದರೆ ಹಿಂದಿನ ಎರಡು ಗಾಲಿಗಳ ನಡುವೆ ಕೂತು ಎರಡಕ್ಕೂ ಬಲ ಹಂಚುವ ಗೇರ್ ಪೆಟ್ಟಿಗೆ, ಕ್ರೌನ್ ಪಿನಿಯನ್ ಅದರೊಳಗಿನ ಮುಖ್ಯ ಗೇರ್ ಜೋಡಿ. ಅದು ಸಣ್ಣ ಖರ್ಚಲ್ಲ. ಅಲ್ಲದೆ ಕ್ರೌನ್ ಪಿನಿಯನ್ ಒಮ್ಮೆ ಬಿಚ್ಚಿ ಮತ್ತೆ ಕೂರಿಸುವಾಗ ಅಳತೆ ಕೂದಲಷ್ಟು ತಪ್ಪಿದರೂ ಇಲ್ಲದ ಸದ್ದು ಹೊಸದಾಗಿ ಹುಟ್ಟುತ್ತದೆ. ನನಗೆ ಭಯವಾಗಿದ್ದು ಅದಕ್ಕೇ. ಸ್ವಲ್ಪ ದಿನ ತಡೀರಿ ಅಂತ ಹೇಳಿ ಗಾಡಿ ಮನೆಗೆ ತಂದೆ.

ಆಮೇಲೆ ಮೂರು ಭಾನುವಾರ ಈ ಸದ್ದಿನ ಹಿಂದೆ ಬಿದ್ದೆ. ಊರಿನ ಒಬ್ಬ ಹಳೇ ಮೇಸ್ತ್ರಿ, ಜೀಪುಗಳ ಅಡಿಯಲ್ಲೇ ಆಯಸ್ಸು ಕಳೆದವರು, ಜೊತೆಗೆ ಬಂದರು. ಅವರು ಮೊದಲ ದಿನ ಹೇಳಿದ ಮಾತಿನಿಂದಲೇ ಎಲ್ಲವೂ ಶುರುವಾಗುತ್ತದೆ. "ಸದ್ದು ಎಲ್ಲಿಂದ ಬರ್ತಿದೆ ಅಂತ ಕೇಳ್ಬೇಡಿ ಸಾರ್, ಯಾವುದರ ಜೊತೆ ತಿರುಗ್ತಿದೆ ಅಂತ ಕೇಳಿ."

ಯಾಕೆ ಅಂದರೆ ಗಾಡಿಯ ತಗಡು, ಚಾಸಿ ಎಲ್ಲಾ ಸೇರಿ ಒಂದು ದೊಡ್ಡ ತಮಟೆ ಇದ್ದಹಾಗೆ. ಹೊಡೆಯುವುದು ಒಂದು ಮೂಲೆಯಲ್ಲಿ, ಮೊಳಗುವುದು ಎಲ್ಲೋ. ಜಿಪ್ಸಿಯಂಥ ಗಾಡಿಯ ಹಿಂಭಾಗ ಖಾಲಿ ಡಬ್ಬ, ಆದ್ದರಿಂದ ಚಾಸಿಗೆ ಎಲ್ಲಿ ನಡುಕ ಸೇರಿದರೂ ಜೋರಾಗಿ ಕೇಳಿಸುವುದು ಅಲ್ಲೇ. ಕಿವಿ ದಿಕ್ಕನ್ನು ತಪ್ಪು ಹೇಳುತ್ತದೆ. ಆದರೆ ಲಯವನ್ನು ತಪ್ಪು ಹೇಳುವುದಿಲ್ಲ. ಸದ್ದು ಎಂಜಿನ್ ಜೊತೆ ಏರಿಳಿಯುತ್ತದಾ, ರಸ್ತೆಯ ವೇಗದ ಜೊತೆಯಾ, ಆಕ್ಸಲರೇಟರ್ ಒತ್ತಿದಾಗ ಮಾತ್ರವಾ, ತಿರುವಿನಲ್ಲಿ ಮಾತ್ರವಾ? ಇಷ್ಟು ಗೊತ್ತಾದರೆ ಸ್ಪ್ಯಾನರ್ ಮುಟ್ಟದೆಯೇ ಮುಕ್ಕಾಲು ಪಾಲು ಜಾಗಗಳನ್ನು ಪಟ್ಟಿಯಿಂದ ತೆಗೆದುಹಾಕಬಹುದು.

ಮೊದಲು ಎಂಜಿನ್ ಬಲ ಗಾಲಿಗೆ ಹೋಗುವ ದಾರಿ ನೋಡೋಣ. ಎಂಜಿನ್, ಕ್ಲಚ್, ಗೇರ್‌ಬಾಕ್ಸ್. ಅಂಬಾಸಿಡರ್, ಓಮ್ನಿ ಥರದ ಹಿಂಗಾಲಿ ಎಳೆಯುವ ಗಾಡಿಗಳಲ್ಲಿ ಅಲ್ಲಿಂದ ನೇರ ಪ್ರೊಪೆಲ್ಲರ್ ಶಾಫ್ಟ್ ಅನ್ನುವ ಉದ್ದದ ತಿರುಗುವ ದಂಡ, ಅದರ ತುದಿಯಲ್ಲಿ ಡಿಫರೆನ್ಷಿಯಲ್, ಆಮೇಲೆ ಆಕ್ಸಲ್, ಗಾಲಿ. ಜಿಪ್ಸಿಯಲ್ಲಿ ಗೇರ್‌ಬಾಕ್ಸ್‌ನ ಹಿಂದೆ ಬೇರೆಯಾಗಿ ಒಂದು ಟ್ರಾನ್ಸ್‌ಫರ್ ಕೇಸ್, ಅಂದರೆ ಬಲವನ್ನು ಹಿಂಗಾಲಿಗೂ ಮುಂಗಾಲಿಗೂ ಕಳಿಸುವ ಗೇರ್ ಪೆಟ್ಟಿಗೆ, ಕೂತಿರುತ್ತದೆ. ಗೇರ್‌ಬಾಕ್ಸ್‌ನಿಂದ ಅಲ್ಲಿಗೆ ಒಂದು ಚಿಕ್ಕ ಶಾಫ್ಟ್, ಅಲ್ಲಿಂದ ಹಿಂದಕ್ಕೊಂದು, ಮುಂದಕ್ಕೊಂದು. ಒಟ್ಟು ಮೂರು ಶಾಫ್ಟ್. ಹುಡುಕಬೇಕಾದ ಜಾಗಗಳು ಜಾಸ್ತಿ ನಿಜ, ಆದರೆ ಪರೀಕ್ಷೆ ಮಾಡುವ ದಾರಿಗಳೂ ಜಾಸ್ತಿ.

800, ಜೆನ್, ಆಲ್ಟೋ ಥರದ ಮುಂಗಾಲಿ ಎಳೆಯುವ ಕಾರುಗಳಲ್ಲಿ ಈ ಉದ್ದದ ಶಾಫ್ಟ್ ಇರುವುದೇ ಇಲ್ಲ. ಅಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಲರೇಟರ್ ಕೊಟ್ಟಾಗ ಕಟಕಟ ಅಂದರೆ ಆಕ್ಸಲನ್ನು ಗಾಲಿಗೆ ಸೇರಿಸುವ, ಗಾಲಿ ಕಡೆಯ ಸಿವಿ ಜಾಯಿಂಟ್ ನೋಡಿ. ನೇರ ಹೋಗುವಾಗ ಎಳೆತ ಕೊಟ್ಟರೆ ಗಾಡಿ ನಡುಗಿದರೆ ಒಳಗಿನ ಜಾಯಿಂಟ್. ರಬ್ಬರ್ ಬೂಟ್ ಹರಿದು ಗಾಲಿಯ ಒಳಮೈಗೆ ಗ್ರೀಸ್ ಎರಚಿದ್ದರೆ ಮತ್ತೆ ಹುಡುಕುವ ಕೆಲಸವೇ ಇಲ್ಲ.

ಮೊದಲ ಪರೀಕ್ಷೆ ನಿಂತ ಜಾಗದಲ್ಲೇ. ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಓಡಲಿ. ಆಗಲೂ ಗರ್ ಅನ್ನುತ್ತಿದ್ದು ಕ್ಲಚ್ ತುಳಿದ ಕೂಡಲೇ ನಿಂತರೆ ಗೇರ್‌ಬಾಕ್ಸ್‌ನ ಇನ್‌ಪುಟ್ ಬೇರಿಂಗ್ ಮೇಲೆ ಅನುಮಾನ. ತಿರುಗಾಮುರುಗಾ, ಕ್ಲಚ್ ತುಳಿದಾಗಲೇ ಸದ್ದು ಬಂದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ನನ್ನ ಗಾಡಿ ನಿಂತಾಗ ಏನೂ ಸದ್ದು ಮಾಡುತ್ತಿರಲಿಲ್ಲ.

ಎರಡನೆಯದು ರಸ್ತೆಯಲ್ಲಿ. ಇದಕ್ಕೆ ನಾವು ಆರಿಸಿದ್ದು ಸಖರಾಯಪಟ್ಟಣ ದಾಟಿದ ಮೇಲಿನ ಕಡೂರು ರಸ್ತೆ, ಬೆಳಗ್ಗೆ ಬೇಗ. ಮಲೆನಾಡಿನ ಕಡೆ ನೇರವಾದ ಸಪಾಟು ರಸ್ತೆ ಒಂದು ನಿಮಿಷವೂ ಸಿಗುವುದಿಲ್ಲ, ಬಯಲುಸೀಮೆಗೆ ಇಳಿದರೇ ಸರಿ. 55ಕ್ಕೆ ಏರಿಸಿ, ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡಿಕೊಂಡು, ನ್ಯೂಟ್ರಲ್‌ಗೆ ಹಾಕಿ ಗಾಡಿಯನ್ನು ಹಾಗೇ ಉರುಳಲು ಬಿಡಬೇಕು. ಎಂಜಿನ್ ಆಫ್ ಮಾಡಬಾರದು. ಆಫ್ ಆದರೆ ಬ್ರೇಕ್ ಬೂಸ್ಟರ್‌ಗೆ ಬಲ ಇರುವುದಿಲ್ಲ, ಕೀ ತೆಗೆದರೆ ಸ್ಟೇರಿಂಗ್ ಲಾಕ್ ಆಗಬಹುದು. ಚಾರ್ಮಾಡಿಯಲ್ಲೋ ಮುಳ್ಳಯ್ಯನಗಿರಿಯ ಇಳಿಜಾರಿನಲ್ಲೋ ಇದನ್ನು ಮಾಡುವುದು ಬೇಡವೇ ಬೇಡ.

ನ್ಯೂಟ್ರಲ್‌ನಲ್ಲಿ ಸದ್ದು ಪೂರ್ತಿ ನಿಂತರೆ ಎಂಜಿನ್ ಕಡೆಯದು, ಅಥವಾ ಎಳೆತ ಬಿದ್ದಾಗ ಮಾತ್ರ ಕೂಗುವ ಗೇರ್‌ನದು. ಹಾಗೇ ಮುಂದುವರಿದು ವೇಗದ ಜೊತೆ ಇಳಿದರೆ ಗಾಲಿಯ ಜೊತೆ ತಿರುಗುವ ಯಾವುದೋ ಒಂದು. ನನ್ನದು ಮುಂದುವರಿಯಿತು, ಆದರೆ ಅರ್ಧಕ್ಕೆ ಅರ್ಧ ತಗ್ಗಿತು. ಮೇಸ್ತ್ರಿ ಇದನ್ನು ಕೇಳಿ ಸುಮ್ನೆ ತಲೆಯಾಡಿಸಿದರು. ಅಕ್ಕನ ಮಗ ಹಿಂದಿನ ಸೀಟಿನಲ್ಲಿ ಫೋನ್ ಹಿಡಿದು ಎಲ್ಲವನ್ನೂ ರೆಕಾರ್ಡ್ ಮಾಡುತ್ತಿದ್ದ. ಈ ರೆಕಾರ್ಡಿಂಗ್ ಆಮೇಲೆ ತುಂಬಾ ಕೆಲಸಕ್ಕೆ ಬಂತು.

ಅದೇ ರಸ್ತೆಯಲ್ಲಿ ಇನ್ನೊಂದನ್ನೂ ನೋಡಬಹುದು. ಒಂದೇ ವೇಗವನ್ನು ಬೇರೆ ಬೇರೆ ಗೇರಿನಲ್ಲಿ ಓಡಿಸಿ. ಹಿಂಗಾಲಿ ಗಾಡಿಗಳ ಗೇರ್‌ಬಾಕ್ಸ್‌ನಲ್ಲಿ ಸಾಮಾನ್ಯವಾಗಿ ನಾಲ್ಕನೇ ಗೇರ್ ನೇರ ಸಂಪರ್ಕ, ಬಲ ಗೇರ್‌ಬಾಕ್ಸ್ ಒಳಗೆ ಕೆಳಗಿರುವ ಲೇ ಶಾಫ್ಟ್ ಅನ್ನುವ ಎರಡನೇ ದಂಡ ಸುತ್ತಿ ಬರುವುದಿಲ್ಲ. ಆದ್ದರಿಂದ ಒಂದು, ಎರಡು, ಮೂರು, ಐದರಲ್ಲಿ ಕೂಗಿ ನಾಲ್ಕರಲ್ಲಿ ಮಾತ್ರ ಸುಮ್ಮನಾದರೆ ಲೇ ಶಾಫ್ಟ್ ಬೇರಿಂಗ್ ಅಂತ ಹೆಚ್ಚುಕಡಿಮೆ ಹೇಳಬಹುದು. ನನ್ನದಕ್ಕೆ ಗೇರ್ ಯಾವುದಾದರೂ ಒಂದೇ.

ಇನ್ನು ಎಳೆತ. ಆಕ್ಸಲರೇಟರ್ ಒತ್ತಿ, ಆಮೇಲೆ ಬಿಡಿ, ಆಮೇಲೆ ವೇಗ ಏರದ ಇಳಿಯದ ಹಾಗೆ ತೆಳುವಾಗಿ ಹಿಡಿಯಿರಿ. ಕ್ರೌನ್ ಪಿನಿಯನ್ ಹಲ್ಲು ಸವೆದಿದ್ದರೆ ಸದ್ದು ಕೀರಲಾಗಿ ಸ್ವರ ಹಿಡಿದಹಾಗೆ ಇರುತ್ತದೆ, ಒಂದು ವೇಗದ ಪಟ್ಟಿಯಲ್ಲಿ ಬಂದು ಅದನ್ನು ದಾಟಿದರೆ ಮಾಯವಾಗುತ್ತದೆ, ಒತ್ತಿದಾಗೊಂದು ಥರ, ಬಿಟ್ಟಾಗೊಂದು ಥರ. ವೀಲ್ ಬೇರಿಂಗ್‌ಗೆ ಎಳೆತದ ಹಂಗಿಲ್ಲ. ಅದು ಗರಗರ ಅಂತ ವೇಗದ ಜೊತೆ ಏರುತ್ತಾ ಹೋಗುತ್ತದೆ, ತಿರುವಿನಲ್ಲಿ ಬದಲಾಗುತ್ತದೆ. ಎಡಕ್ಕೆ ತಿರುಗಿದರೆ ಭಾರ ಬಲಗಾಲಿಗೆ ಬೀಳುತ್ತದೆ, ಆಗ ಸದ್ದು ಜೋರಾದರೆ ಸಾಮಾನ್ಯವಾಗಿ ಬಲಗಡೆಯದು. ನನ್ನ ಗಾಡಿಯ ಸದ್ದು ತಿರುವಿನಲ್ಲಿ ಒಂದಿಷ್ಟೂ ಬದಲಾಗುತ್ತಿರಲಿಲ್ಲ. ಈ ಒಂದು ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ಎರಡು ಒಳ್ಳೇ ಬೇರಿಂಗ್ ಬದಲಾಯಿಸುವುದು ತಪ್ಪುತ್ತಿತ್ತು.

ಟೈರನ್ನು ಮರೆಯಬಾರದು. ಉಬ್ಬುತಗ್ಗಾಗಿ ಸವೆದ ಟೈರ್ ಥೇಟ್ ಬೇರಿಂಗ್ ಥರವೇ ಮೊರೆಯುತ್ತದೆ. ರಸ್ತೆಯ ಮೈ ಬದಲಾದಾಗ, ಹಳೇ ಡಾಂಬರಿನಿಂದ ಹೊಸದಕ್ಕೆ ಹೋದಾಗ, ಸದ್ದು ಬದಲಾದರೆ ಟೈರ್. ಗೇರ್, ಬೇರಿಂಗ್‌ಗಳಿಗೆ ರಸ್ತೆ ಯಾವುದೆಂದು ಗೊತ್ತಾಗುವುದಿಲ್ಲ.

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಎಣಿಸುವುದು.

ಗಾಲಿ ತಿರುಗುವ ವೇಗ ಬೇರೆ, ಹಿಂದಿನ ಶಾಫ್ಟ್ ತಿರುಗುವ ವೇಗ ಬೇರೆ, ಚಿಕ್ಕ ಶಾಫ್ಟ್‌ನದು ಇನ್ನೂ ಬೇರೆ. ನಮ್ಮ ಅಂಗಳದಲ್ಲಿ ಗೇರ್‌ಬಾಕ್ಸ್ ನ್ಯೂಟ್ರಲ್‌ನಲ್ಲಿ, ಟ್ರಾನ್ಸ್‌ಫರ್ ಲಿವರ್ 2ಎಚ್‌ನಲ್ಲಿ (ಹಿಂಗಾಲಿಗೆ ಮಾತ್ರ ಎಳೆತ, ಮಾಮೂಲಿ ಗೇರ್) ಇಟ್ಟು, ಟೈರ್‌ಗೂ ಶಾಫ್ಟ್‌ಗಳಿಗೂ ಸೀಮೆಸುಣ್ಣದ ಗುರುತು ಹಾಕಿದೆವು. ಗಾಲಿ ಒಂದು ಸುತ್ತು ಬರುವಷ್ಟು ದೂರವನ್ನು ಗಾಡಿ ಸ್ವಲ್ಪ ತಳ್ಳುವುದು, ನಿಲ್ಲಿಸಿ ಗುರುತು ನೋಡುವುದು, ಮತ್ತೆ ತಳ್ಳುವುದು, ಹೀಗೆ ಮುಗಿಸಿದೆವು. ಹಿಂದಿನ ಶಾಫ್ಟ್ ನಾಲ್ಕು ಸುತ್ತಿಗೆ ಸ್ವಲ್ಪ ಕಡಿಮೆ ತಿರುಗಿತು. ಗೇರ್‌ಬಾಕ್ಸ್ ಪಕ್ಕದ ಚಿಕ್ಕ ಶಾಫ್ಟ್ ಸುಮಾರು ಐದೂವರೆ ಸುತ್ತು. ಒಂದು ಎಚ್ಚರಿಕೆ ಹೇಳಬೇಕು: ಒಂದೇ ಗಾಲಿಯನ್ನು ಜಾಕ್ ಮೇಲೆ ಎತ್ತಿ ತಿರುಗಿಸಿ ಎಣಿಸಿದರೆ ಲೆಕ್ಕ ಅರ್ಧಕ್ಕೆ ಬರುತ್ತದೆ, ಇನ್ನೊಂದು ಗಾಲಿ ನೆಲದಲ್ಲಿ ನಿಂತಿರುವಾಗ ಡಿಫರೆನ್ಷಿಯಲ್ ಹಾಗೆಯೇ ಕೆಲಸ ಮಾಡುವುದು.

205/70 ಆರ್15 ಟೈರ್‌ನ ಸುತ್ತಳತೆ ಸುಮಾರು 2.1 ಮೀಟರ್. ಗಂಟೆಗೆ 10 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 2.8 ಮೀಟರ್. ಅಂದರೆ ಗಾಲಿ ಸೆಕೆಂಡಿಗೆ ಒಂದು ಸುತ್ತು ಮತ್ತು ಚೂರು. ಹಿಂದಿನ ಶಾಫ್ಟ್ ಐದು. ಚಿಕ್ಕ ಶಾಫ್ಟ್ ಏಳು. ಆದ್ದರಿಂದ ಆ ವೇಗದಲ್ಲಿ ಸೆಕೆಂಡಿಗೆ ಒಂದು ಸಲ ಟಕ್ ಅಂದರೆ ಗಾಲಿ, ಡ್ರಮ್, ಹಬ್, ಇಲ್ಲವೇ ಟೈರಿಗೆ ಸಿಕ್ಕಿಕೊಂಡ ಕಲ್ಲು. ಐದು ಸಲ ಅಂದರೆ ಹಿಂದಿನ ಶಾಫ್ಟ್, ಇಲ್ಲವೇ ಅದರ ಜೊತೆ ತಿರುಗುವ ಡಿಫರೆನ್ಷಿಯಲ್‌ನ ಪಿನಿಯನ್. ಏಳು ಸಲ ಅಂದರೆ ಚಿಕ್ಕ ಶಾಫ್ಟ್. ಕಿವಿಗೆ ಐದು, ಏಳು ಎಣಿಸಲು ಆಗಲ್ಲ ಅಲ್ವಾ? ಅದಕ್ಕೇ ಫೋನ್. ರೆಕಾರ್ಡಿಂಗನ್ನು ಕಾಲು ವೇಗಕ್ಕೆ ಇಳಿಸಿ ಕೇಳಿದರೆ ಚಿರ್ ಚಿರ್ ಒಂದೊಂದಾಗಿ ಬಿಡಿಸಿಕೊಂಡು ಬರುತ್ತದೆ. ಅಕ್ಕನ ಮಗ ಅಡುಗೆಮನೆಯ ಕಟ್ಟೆ ಮೇಲೆ ಫೋನ್ ಇಟ್ಟು ಮೂರು ಸಲ ಎಣಿಸಿದ. "ಏಳು ಬರ್ತಿದೆ ಮಾವ, ಐದಲ್ಲ" ಅಂದ.

ಏಳು ಅಂದರೆ ಡಿಫರೆನ್ಷಿಯಲ್ ಅಲ್ಲ, ಹಿಂದಿನ ಶಾಫ್ಟೂ ಅಲ್ಲ. ನನಗೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ, ಅಷ್ಟು ಖುಷಿ. ಆದರೂ ಸ್ಪೀಡೋಮೀಟರ್ ನಂಬಿ ಮಾಡಿದ ಲೆಕ್ಕ ಅದು. ಇನ್ನೊಂದು ದಾರಿಯಿಂದ ಖಾತ್ರಿ ಮಾಡಿಕೊಳ್ಳಬೇಕಿತ್ತು.

ಜಿಪ್ಸಿಯಲ್ಲಿ ಅದಕ್ಕೆ ಎರಡು ದಾರಿ ಇವೆ. ಮುಂಗಾಲಿಗಳನ್ನು ಆಕ್ಸಲ್‌ಗೆ ಸೇರಿಸುವ ಹಬ್‌ಗಳನ್ನು ಫ್ರೀ ಮಾಡಿ ಟ್ರಾನ್ಸ್‌ಫರ್ ಲಿವರನ್ನು 4ಎಲ್‌ಗೆ (ನಾಲ್ಕೂ ಗಾಲಿಗೆ ಎಳೆತ, ಲೋ ಗೇರ್) ಹಾಕಿ ಅದೇ 10ರ ವೇಗದಲ್ಲಿ ಹೋಗುವುದು ಒಂದು. ಹಬ್ ಫ್ರೀ ಇರುವುದರಿಂದ ಮುಂಗಾಲಿಗೆ ಎಳೆತ ಹೋಗುವುದಿಲ್ಲ. ಗಾಲಿಯೂ ಹಿಂದಿನ ಶಾಫ್ಟೂ ಮೊದಲಿನಷ್ಟೇ ತಿರುಗುತ್ತವೆ, ಆದರೆ ಲೋ ಗೇರಿನಿಂದಾಗಿ ಚಿಕ್ಕ ಶಾಫ್ಟ್ ಇನ್ನೂ ಬೇಗ ತಿರುಗಬೇಕಾಗುತ್ತದೆ. ವೇಗ ಅದೇ ಇದ್ದು ಚಿರ್ ಚಿರ್ ಚುರುಕಾದರೆ ತೊಂದರೆ ಟ್ರಾನ್ಸ್‌ಫರ್ ಕೇಸ್‌ನ ಮುಂದೆ, ಬದಲಾಗದಿದ್ದರೆ ಅದರ ಹಿಂದೆ. ತೋಟದ ಮಣ್ಣುದಾರಿಯಲ್ಲಿ ಮಾಡಿದೆವು. ಚುರುಕಾಯಿತು.

ಇನ್ನೊಂದು ಗಾಡಿ ನಿಂತಿರುವಾಗಲೇ. ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್‌ಗೆ, ಗೇರ್‌ಬಾಕ್ಸ್ ಒಂದನೇ ಗೇರಿಗೆ, ಎಂಜಿನ್ ಐಡಲ್‌ನಲ್ಲಿ, ಕ್ಲಚ್ ನಿಧಾನ ಬಿಡಿ. ಗಾಡಿ ಅಲ್ಲಾಡುವುದಿಲ್ಲ, ಚಿಕ್ಕ ಶಾಫ್ಟ್ ಮಾತ್ರ ತಿರುಗುತ್ತದೆ. ದಯವಿಟ್ಟು ಗಾಲಿಗೆ ಎರಡೂ ಕಡೆ ಮರದ ತುಂಡು ಕೊಡಿ. ಟ್ರಾನ್ಸ್‌ಫರ್ ನ್ಯೂಟ್ರಲ್‌ನಲ್ಲಿದ್ದರೆ ಗೇರಿನಲ್ಲಿದ್ದರೂ ಗಾಡಿ ಉರುಳಿಹೋಗುತ್ತದೆ. ಎಂಜಿನ್ ಓಡುವಾಗ ಅಡಿಗೆ ಹೋಗಬೇಡಿ, ಪಕ್ಕದಲ್ಲಿ ನಿಂತೇ ಕೇಳಿ. ನಾವು ಕೇಳಿದೆವು. ಚಿರ್, ಚಿರ್, ಚಿರ್. ಗಾಡಿ ನಿಂತಿದೆ, ಹಿಂದಿನ ಗಾಲಿ ನಿಂತಿದೆ, ಡಿಫರೆನ್ಷಿಯಲ್ ಒಳಗೆ ಒಂದು ಹಲ್ಲೂ ತಿರುಗುತ್ತಿಲ್ಲ, ಸದ್ದು ಮಾತ್ರ ಬರುತ್ತಿದೆ.

ಎಂಜಿನ್ ಆಫ್ ಮಾಡಿ ಮೇಸ್ತ್ರಿ ಅಡಿಗೆ ಹೋದರು. ಚಿಕ್ಕ ಶಾಫ್ಟಿನ ಎರಡು ತುದಿಗೂ ಕ್ರಾಸ್ ಇರುತ್ತದೆ. ಶಾಫ್ಟ್ ಓರೆಯಾಗಿದ್ದರೂ ತಿರುಗಲು ಬಿಡುವ ಕೂಡಿಕೆ, ಅದೇ ಯೂನಿವರ್ಸಲ್ ಜಾಯಿಂಟ್, ಪುಸ್ತಕಗಳಲ್ಲಿ 17ನೇ ಶತಮಾನದ ರಾಬರ್ಟ್ ಹುಕ್ ಹೆಸರಲ್ಲಿ ಹುಕ್ ಜಾಯಿಂಟ್ ಅಂತಲೂ ಬರೆಯುತ್ತಾರೆ. ಕೈಯಲ್ಲಿ ಹಿಡಿದು ತಿರುಚಿದರೆ ಪ್ಲೇ, ಅಂದರೆ ಸಡಿಲ, ಇರಲಿಲ್ಲ. ಗಟ್ಟಿಯಾಗಿತ್ತು. ಇಲ್ಲೇ ತುಂಬಾ ಜನ ಮೋಸಹೋಗುವುದು, ಪ್ಲೇ ಇಲ್ಲ ಅಂದರೆ ಚೆನ್ನಾಗಿದೆ ಅಂದುಕೊಳ್ಳುತ್ತೇವೆ. ಆದರೆ ಕ್ರಾಸ್‌ನ ತುದಿಗಳಿಗೆ ಕೂರುವ ಬೇರಿಂಗ್ ಬಟ್ಟಲುಗಳಲ್ಲಿ ಒಂದರ ಸುತ್ತ ಕೆಂಪು ಪುಡಿ ಅಂಟಿತ್ತು. ಅದು ನಮ್ಮ ಕಡೆಯ ಕೆಂಪು ಮಣ್ಣಲ್ಲ, ಬೆರಳಲ್ಲಿ ಉಜ್ಜಿದರೆ ಗೊತ್ತಾಗುತ್ತದೆ, ಕಬ್ಬಿಣದ ತುಕ್ಕು. ಒಳಗೆ ಗ್ರೀಸ್ ಒಣಗಿ ಸೂಜಿ ಬೇರಿಂಗ್‌ಗಳು ಉಕ್ಕಿಗೆ ಉಕ್ಕು ಉಜ್ಜುತ್ತಿದ್ದರೆ ಮಾತ್ರ ಆ ಪುಡಿ ಬರುತ್ತದೆ. ಶಾಫ್ಟ್ ಬಿಚ್ಚಿ ಕೈಯಲ್ಲಿ ಹಿಡಿದು ಜಾಯಿಂಟ್ ಬಾಗಿಸಿದಾಗ ಸರಾಗವಾಗಿ ಬರಲಿಲ್ಲ, ನಟ್ಟನಡುವೆ ಒಂದು ಕಡೆ ಗಕ್ಕನೆ ಹಿಡಿಯುತ್ತಿತ್ತು. ಸೂಜಿಗಳು ಒಂದೇ ಜಾಗದಲ್ಲಿ ಗೀರು ಕೊರೆದಿದ್ದವು. ಗಾಡಿಯ ಮೇಲೆ ಇರುವಾಗ ಇದು ಎಂದಿಗೂ ಕೈಗೆ ಸಿಗುವುದಿಲ್ಲ.

ಚಿರ್ ಚಿರ್‌ಗೆ ಕಾರಣ ಸಿಕ್ಕಿತು. 45ರ ಮೇಲಿನ ಗುಂಯ್?

ಇದಕ್ಕೆ ಕ್ರಾಸ್‌ನ ಸ್ವಭಾವ ತಿಳಿಯಬೇಕು. ಓರೆಯಾಗಿ ಕೂತ ಕ್ರಾಸ್ ಬಲವನ್ನು ಸಮನಾಗಿ ದಾಟಿಸುವುದಿಲ್ಲ. ಈ ಕಡೆ ಒಂದೇ ವೇಗದಲ್ಲಿ ತಿರುಗಿದರೂ ಆ ಕಡೆ ಪ್ರತಿ ಸುತ್ತಿಗೆ ಎರಡು ಸಲ ಸ್ವಲ್ಪ ಮುಂದೆ ಓಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. 10 ಡಿಗ್ರಿ ಓರೆಯಲ್ಲಿ ಈ ಏರುಪೇರು ಸುಮಾರು ಒಂದೂವರೆ ಶೇಕಡ. ಓರೆ ಎರಡು ಪಟ್ಟಾದರೆ ಏರುಪೇರು ನಾಲ್ಕು ಪಟ್ಟು. ಅದಕ್ಕೇ ಶಾಫ್ಟಿಗೆ ಎರಡು ಕ್ರಾಸ್. ಎರಡೂ ತುದಿಯ ಓರೆ ಸಮ ಇದ್ದು, ಕ್ರಾಸ್ ಹಿಡಿಯುವ ಕವಲುಗಳು, ಅಂದರೆ ಎರಡು ಯೋಕ್‌ಗಳು, ಒಂದೇ ಸಾಲಿನಲ್ಲಿದ್ದರೆ ಮೊದಲನೆಯದು ಮಾಡಿದ ಏರುಪೇರನ್ನು ಎರಡನೆಯದು ಅಳಿಸುತ್ತದೆ. ಒಂದು ತುದಿಯ ಓರೆ ಬದಲಾದರೆ ಲೆಕ್ಕ ತಪ್ಪಿ ಉಳಿದದ್ದೆಲ್ಲಾ ನಡುಕವಾಗುತ್ತದೆ. 50ರ ವೇಗದಲ್ಲಿ ಚಿಕ್ಕ ಶಾಫ್ಟ್ ಸೆಕೆಂಡಿಗೆ ಸುಮಾರು 36 ಸುತ್ತು, ಸುತ್ತಿಗೆ ಎರಡು ನಡುಕ ಅಂದರೆ 72. ಅದೇ ಗುಂಯ್. ಶಾಫ್ಟ್ ಬಿಚ್ಚುವ ಮುಂಚೆ ಗುರುತು ಹಾಕಿ ಅಂತ ಮೇಸ್ತ್ರಿಗಳು ಒತ್ತಿ ಹೇಳುವುದೂ ಇದಕ್ಕೇ. ಯೋಕ್‌ಗಳ ಸಾಲು ತಪ್ಪಿಸಿ ಜೋಡಿಸಿದರೆ ಹೊಸ ಕ್ರಾಸ್ ಹಾಕಿದ ಮೇಲೂ ಗಾಡಿ ನಡುಗುತ್ತದೆ.

ನನ್ನ ಗಾಡಿಯಲ್ಲಿ ಓರೆ ಬದಲಾಗಿದ್ದು ಹೇಗೆ? ಟ್ರಾನ್ಸ್‌ಫರ್ ಕೇಸ್ ಮೂರು ರಬ್ಬರ್ ಮೌಂಟಿಂಗ್ ಮೇಲೆ ನೇತಾಡುತ್ತದೆ. ಸೀಲ್‌ನಿಂದ ಆಯಿಲ್ ಜಿನುಗಿ ಒಂದು ಮೌಂಟಿಂಗ್ ಮೇಲೆ ಬೀಳುತ್ತಿತ್ತು. ಎಷ್ಟು ದಿನದಿಂದಲೋ. ಆಯಿಲ್ ಕುಡಿದ ರಬ್ಬರ್ ಊದಿ ಮೆತ್ತಗಾಗಿ ಹರಿದಿತ್ತು, ಕೇಸ್ ಒಂದು ಕಡೆ ವಾಲಿತ್ತು. ಇದಕ್ಕೆ ಗಾಡಿಯನ್ನು ದೂರಲಾರೆ, ಆ ಜಿನುಗನ್ನು ನೋಡಿಯೂ ಬಿಟ್ಟವನು ನಾನು. ಎಳೆತ ಬಿದ್ದಾಗ ಕೇಸ್ ಇನ್ನಷ್ಟು ವಾಲುತ್ತಿತ್ತು, ಅದಕ್ಕೇ ಆಕ್ಸಲರೇಟರ್ ಒತ್ತಿದರೆ ಗುಂಯ್ ಜಾಸ್ತಿ, ನ್ಯೂಟ್ರಲ್‌ನಲ್ಲಿ ಕಡಿಮೆ. ಹೊರಡುವಾಗಿನ ಟಕ್ ಕೂಡ ಇದೇ ಕೇಸ್ ಜಗ್ಗಿ ತಿರುಗುತ್ತಿದ್ದದ್ದು. ಇದನ್ನು ಕಂಡುಹಿಡಿಯಲು ಸುಲಭದ ಗುರುತು ಒಂದಿದೆ: ಆಕ್ಸಲರೇಟರ್ ಒತ್ತಿ ಬಿಟ್ಟು ಮಾಡುವಾಗ ಟ್ರಾನ್ಸ್‌ಫರ್ ಲಿವರ್ ಹಿಂದಕ್ಕೂ ಮುಂದಕ್ಕೂ ಜೋರಾಗಿ ಆಡಿದರೆ ಮೌಂಟಿಂಗ್ ಹೋಗಿದೆ. ಆ ಲಿವರ್ ತಿಂಗಳುಗಟ್ಟಲೆ ನನ್ನ ಕೈಪಕ್ಕದಲ್ಲೇ ಆಡುತ್ತಿತ್ತು.

ಇಷ್ಟಾದ ಮೇಲೂ ಡಿಫರೆನ್ಷಿಯಲ್ ಆಯಿಲ್ ಇಳಿಸಿ ನೋಡಿದೆವು. ಬಿಳಿ ಬಟ್ಟೆಯಲ್ಲಿ ಸೋಸಿ ಅಯಸ್ಕಾಂತ ಆಡಿಸಿದರೆ ಬೂದು ಬಣ್ಣದ ನುಣ್ಣನೆ ಕೆಸರು ಬರುವುದು ಸಹಜ, ಚೂರು, ಚಕ್ಕೆ ಬಂದರೆ ಹುಷಾರಾಗಬೇಕು. ಗೇರ್‌ಬಾಕ್ಸ್ ಆಯಿಲ್‌ನಲ್ಲಿ ಹಳದಿ ಹೊಳಪು ಕಂಡರೆ ಗೇರ್ ಸರಾಗವಾಗಿ ಬೀಳಲು ಇರುವ ಸಿಂಕ್ರೋ ರಿಂಗ್‌ನ ಹಿತ್ತಾಳೆ ಸವೆಯುತ್ತಿದೆ. ಹಾಲು ಹಾಕಿದ ಕಾಫಿ ಬಣ್ಣ ಬಂದಿದ್ದರೆ ನೀರು ಸೇರಿದೆ. ನಮ್ಮ ಕಡೆ ಇದು ಜಾಸ್ತಿ. ಓಡಿ ಬಿಸಿಯಾದ ಡಿಫರೆನ್ಷಿಯಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಗಾಳಿಯಾಡಲು ಇರುವ ಬ್ರೀದರ್ ಮಣ್ಣಿನಿಂದ ಮುಚ್ಚಿದ್ದರೆ ಆ ಎಳೆತ ಸೀಲ್ ಮೂಲಕ ನೀರನ್ನೇ ಒಳಗೆ ಹೀರುತ್ತದೆ. ನನ್ನದರಲ್ಲಿ ನೀರೂ ಇರಲಿಲ್ಲ, ಚಕ್ಕೆಯೂ ಇರಲಿಲ್ಲ.

ಕೆಲಸದ ಕ್ರಮ ಹೀಗಿತ್ತು: ಮೊದಲು ಸೀಲ್, ಆಮೇಲೆ ಮೂರೂ ಮೌಂಟಿಂಗ್, ಕೊನೆಗೆ ಚಿಕ್ಕ ಶಾಫ್ಟಿನ ಎರಡೂ ಕ್ರಾಸ್. ಬರೀ ಕ್ರಾಸ್ ಹಾಕಿ ಬಿಟ್ಟಿದ್ದರೆ ವಾಲಿದ ಕೇಸ್ ಹೊಸದನ್ನೂ ತಿನ್ನುತ್ತಿತ್ತು. ಎಲ್ಲಾ ಸೇರಿದರೂ ಖರ್ಚು ಕ್ರೌನ್ ಪಿನಿಯನ್ ಕೆಲಸಕ್ಕೆ ಹೇಳಿದ್ದರ ಹತ್ತಿರವೂ ಬರಲಿಲ್ಲ. ಈಗ ಹಳ್ಳ ದಾಟಿದ ವಾರ, ಜೋರು ನೀರಿನಲ್ಲಿ ಅಡಿ ತೊಳೆಸಿದ ವಾರ, ಗ್ರೀಸ್ ತುಂಬುವ ನಿಪ್ಪಲ್ ಇರುವ ಕ್ರಾಸ್‌ಗಳಿಗೆಲ್ಲಾ ಹೊಸ ಗ್ರೀಸ್ ಹೊಡೆಯುತ್ತೇನೆ, ನಾಲ್ಕೂ ಬಟ್ಟಲಿನಿಂದ ಹಳೇ ಗ್ರೀಸ್ ಹೊರಗೆ ಬರುವವರೆಗೆ.

ಕಳೆದ ವಾರ ಕೈಮರದ ಏರಿನಲ್ಲಿ ಆಕ್ಸಲರೇಟರ್ ಒತ್ತಿ ಬಿಟ್ಟು ನೋಡುತ್ತಾ ಲಿವರ್ ಮೇಲೆ ಕೈ ಇಟ್ಟೆ. ಅಲ್ಲಾಡಲಿಲ್ಲ. 60ರ ಹತ್ತಿರ ಒಂದು ತೆಳು ಮೊರೆತ ಇನ್ನೂ ಇದೆ. ಕಡೂರು ರಸ್ತೆಯಲ್ಲಿ ಹೊಸ ಡಾಂಬರು ಶುರುವಾದ ಕೂಡಲೇ ಅದು ಇಳಿಯುತ್ತದೆ, ಹಳೇ ಡಾಂಬರು ಬಂದರೆ ಏರುತ್ತದೆ. ಅದು ಟೈರ್‌ದು.